ಹದಿನಾಲ್ಕನೇ ನಂಬರಿನ ಬೆಡ್‌ಶೀಟು

ಚುಂಯ್ ಎಂದಿತು ನೀರಿನ ಹನಿ, ಇಸ್ತ್ರಿ ಪೆಟ್ಟಿಗೆ ಕಾದಿದೆ, ಇನ್ನು ಬೆಡ್‌ಶೀಟಿನ ಮೂಲೆ ಹುಡುಕಬೇಕು, ನೀಲಿ ಶಾಯಿಯ ನಂಬರಿರುವ ಮೂಲೆ — ಯಾಕೆ ಹುಡುಕಬೇಕು, ಅದನ್ನು ಕಟ್ಟಿಕೊಂಡು ಇನ್ನೇನಾಗಬೇಕು ಅವಳಿಗೆ, ಹನ್ನೊಂದು ವರ್ಷ ಹುಡುಕಿದ್ದು ಸಾಲದೇ. ಕೈ ಕೇಳಬೇಕಲ್ಲ, ತನ್ನ ಪಾಡಿಗೆ ತಾನು ಮೂಲೆ ಬಿಡಿಸಿತು, ಏಳು, ಏಳನೇ ಬೆಡ್ಡು, ಕರ್ತನೇ ಈ ಹಾಸಿಗೆಯವರ ನೋವು ಇಳಿಸು — ತುಟಿಯೂ ಕೇಳಲಿಲ್ಲ. ಅರ್ಧ ಗಂಟೆಯ ಹಿಂದೆ ವಾರ್ಡಿನ ಆಯಾ ಕೊಳೆ ಬಟ್ಟೆಯ ಗಾಡಿ ತಳ್ಳಿಕೊಂಡು ಬಂದಾಗ ಬಾಯಿ ಮುಚ್ಚಿಕೊಂಡಿರಬೇಕಿತ್ತು, ಹದಿನಾಲ್ಕನೇ ಬೆಡ್ಡಿನ ಶೀಟು ಇವತ್ತು ಬಂದೇ ಇಲ್ವಲ್ಲ ಎಂದು ಕೇಳಿದ್ದೇ ತಪ್ಪಾಯಿತು. ಆಯಾ ಸೊಂಟದ ಮೇಲೆ ಕೈಯಿಟ್ಟು ನಕ್ಕಳು, ಅಯ್ಯೋ ಅಕ್ಕಾ, ಆ ನಂಬರ್ ಯಾರ್ ನೋಡ್ತಾರೆ, ಕೈಗೆ ಸಿಕ್ಕಿದ್ದು ಸಿಕ್ಕಿದ ಬೆಡ್ಡಿಗೆ ಹಾಕೋದು, ಅದು ಯಾವ ಕಾಲದಲ್ಲಿ ಯಾವನು ಹೊಡೆದ ಮುದ್ರೆನೋ. ದಿನಕ್ಕೆ ಅರವತ್ತು ಶೀಟು, ಅರವತ್ತು ಪ್ರಾರ್ಥನೆ, ಒಂದನ್ನೂ ತಪ್ಪಿಸಿದವಳಲ್ಲ — ಇಲ್ಲ, ಒಂದನ್ನು ತಪ್ಪಿಸಿದ್ದಳು, ಹೋದ ಮಂಗಳವಾರ, ಮೂವತ್ತೊಂದು. ಅದು ಈಗ ಬೇಡ. ಕರ್ತನೇ, ನಿನಗೆ ಗೊತ್ತಿತ್ತಲ್ಲ, ಮೇಲೆ ಕೂತು ನೋಡುತ್ತಿದ್ದೆಯಲ್ಲ, ಒಂದು ಮಾತು ಹೇಳಲಿಕ್ಕೆ ನಿನಗೇನಾಗಿತ್ತು ಧಾಡಿ.

ಹೇಳುವವನೇ ಆಗಿದ್ದರೆ ಆಗಲೇ ಹೇಳುತ್ತಿದ್ದ, ಅವಳಿಗೆ ಹತ್ತೊಂಬತ್ತು ತುಂಬಿದಾಗ, ನನಗೆ ದೇವರ ಕರೆ ಬಂದಿದೆ, ನಾನು ಸಿಸ್ಟರ್ ಆಗುತ್ತೇನೆ ಎಂದು ಮನೆಯಲ್ಲಿ ಹಟ ಹಿಡಿದಾಗ. ಕಾನ್ವೆಂಟಿನ ಮದರ್ ವಿಚಾರಿಸಿಕೊಂಡು ಹೋಗಲು ಬಂದರು, ಅಣ್ಣ ಕುರ್ಚಿ ಒರೆಸಿ ಹಾಕಿದ, ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ಅಂದೇಬಿಟ್ಟಳು, ಇವಳಿಗೆ ಕರೆಯೂ ಇಲ್ಲ ಗಿರೆಯೂ ಇಲ್ಲ ಮದರ್, ಕೆಲಸ ತಪ್ಪಿಸ್ಕೊಳ್ಳೋಕೆ ಹೊರಟಿದ್ದಾಳೆ. ಮದರ್ ನಕ್ಕರು, ಕಾದು ನೋಡೋಣ ಎಂದರು, ಹೋದವರು ಮತ್ತೆ ಇತ್ತ ತಲೆ ಹಾಕಲಿಲ್ಲ. ಅವತ್ತಿನಿಂದ ಅತ್ತಿಗೆಯ ಜೊತೆ ಮಾತು ಬೇಕಾದಷ್ಟೇ, ಉಪ್ಪು ಎಲ್ಲಿದೆ, ಬೀಗ ಹಾಕಿದ್ಯಾ, ಅಷ್ಟೇ. ಆಮೇಲೆ ಎಲ್ಲೆಲ್ಲೋ ದುಡಿದು ಕೊನೆಗೆ ಈ ಆಸ್ಪತ್ರೆಯ ಬಟ್ಟೆ ಕೋಣೆ, ಮೊದಲ ದಿನವೇ ಹಬೆಯೊಳಗೆ ಆ ನೀಲಿ ನಂಬರು ಕಂಡು ಮೈ ಜುಮ್ಮೆಂದಿತ್ತು, ಇದೇ ನನ್ನ ಕರೆ, ಮೂಲೆ ಮೂಲೆಯಲ್ಲೂ ಒಬ್ಬೊಬ್ಬ ರೋಗಿಯ ವಿಳಾಸ, ಯಾರಿಗೂ ಹೇಳಬೇಕಾಗಿಲ್ಲ, ಯಾವ ಮದರ್ ಅಪ್ಪಣೆಯೂ ಬೇಕಾಗಿಲ್ಲ. ಎಂಥ ವಿಳಾಸ! ಹತ್ತೊಂಬತ್ತು ದಿನದ ಹಿಂದೆ ಅತ್ತಿಗೆಯನ್ನೇ ತಂದು ಹದಿನಾಲ್ಕನೇ ಬೆಡ್ಡಿಗೆ ಹಾಕಿದರು, ಹೊಟ್ಟೆಯಲ್ಲಿ ಗೆಡ್ಡೆ. ಹೋಗಿ ಒಂದ್ಸಲ ನೋಡ್ಬಾರ್ದಾ ಎಂದ ಅಣ್ಣ. ಪ್ರಾರ್ಥನೆ ಮಾಡ್ತಿದ್ದೀನಲ್ಲ ಎಂದಳು ಇವಳು, ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಟ. ಸುಳ್ಳೇನೂ ಅಲ್ಲ, ಮಾಡಿದ್ದಾಳೆ, ಹದಿನಾಲ್ಕು ಕೈಗೆ ಬಂದಾಗಲೆಲ್ಲ ಮೂರು ಮೂರು ಸಲ, ಮೂಲೆಗೆ ಹಣೆ ಒತ್ತಿ, ಕಣ್ಣೀರು ಹಾಕಿ — ಯಾರು ಹೊದ್ದರೋ ಅದನ್ನು. ಮಂಗಳವಾರ ಅಣ್ಣ ಬಂದು ಗೆಡ್ಡೆ ಬೆಳೀತಾ ಇದೆಯಂತೆ ಎಂದಾಗ ಮೇಜಿನ ಮೇಲಿದ್ದದ್ದು ಮೂವತ್ತೊಂದು, ಇಷ್ಟು ಬೇಡಿಕೊಂಡರೂ ಬೆಳೆಸುತ್ತೀಯಾ ಎಂದು ಕರ್ತನ ಮೇಲೆ ರೇಗಿ ಪೆಟ್ಟಿಗೆಯನ್ನು ಕುಕ್ಕಿ ಹಾಗೇ ಬಿಟ್ಟಳು, ಎತ್ತಿದಾಗ ನಟ್ಟ ನಡುವೆ ಕಂದು ಕಲೆ, ಪೆಟ್ಟಿಗೆಯ ಅಡಿಯ ಅಚ್ಚು, ಮೂತಿ ಚೂಪು. ಪ್ರಾರ್ಥನೆಯೂ ಇಲ್ಲ ಏನೂ ಇಲ್ಲ, ಮಡಚಿ ರಾಶಿಯ ನಡುವೆ ತುರುಕಿದಳು. ಶುಕ್ರವಾರ ತೊಳೆದು ಬಂತು, ಕಲೆ ಹಾಗೇ ಇತ್ತು, ಮತ್ತೆ ತುರುಕಿದಳು.

ಆಯಾ ಗಾಡಿ ತಿರುಗಿಸುತ್ತ ಇನ್ನೂ ಒಂದು ಮಾತು ಹೇಳಿದ್ದಳು, ಹದಿನಾಲ್ಕರಲ್ಲಿರೋರು ನಿಮ್ಮ ಅತ್ತಿಗೇನಾ, ಕೆಳಗೆ ನನ್ನ ನಾದಿನಿ ಇದ್ದಾಳೆ ಅಂತ ಬಂದೋರಿಗೆಲ್ಲ ಹೇಳ್ತಾರೆ, ಹನ್ನೊಂದಕ್ಕೆ ಆಪರೇಷನ್ನಿಗೆ ಒಯ್ತಾರೆ, ಜೀವಕ್ಕೆ ಏನೂ ಹೇಳೋಕಾಗಲ್ಲ ಅಂದ್ರಂತೆ ಡಾಕ್ಟ್ರು. ಗಡಿಯಾರದಲ್ಲಿ ಹತ್ತೂವರೆ, ಎರಡು ಮಹಡಿ, ಮೂವತ್ತೊಂಬತ್ತು ಮೆಟ್ಟಿಲು, ಎಂದೂ ಹತ್ತದೆ, ಕೆಳಗೆ ನಿಂತು ಕಣ್ಣಲ್ಲೇ ಎಣಿಸಿಟ್ಟದ್ದು ಬೇರೆ. ಅತ್ತಿಗೆ ಅಂದದ್ದು ನಿಜವೇ ಹಾಗಾದರೆ, ಕೆಲಸ ತಪ್ಪಿಸಿಕೊಳ್ಳುವವಳು, ಮೆಟ್ಟಿಲು ತಪ್ಪಿಸಿಕೊಂಡವಳು, ಮುಖ ತಪ್ಪಿಸಿಕೊಂಡವಳು, ಪ್ರಾರ್ಥನೆಯ ನೆಪ ಹೇಳಿ — ಥೂ. ಪೆಟ್ಟಿಗೆಯ ಪ್ಲಗ್ ಕಿತ್ತಳು, ಹತ್ತುತ್ತಿದ್ದಾಳೆ, ಮಂಡಿ ಕಟಕಟ ಎನ್ನುತ್ತದೆ, ಏನು ಹೇಳಲಿ, ಮೊದಲ ಮಾತು ಏನು, ನೀನಾದರೂ ಹೇಳಿಕೊಡು ಕರ್ತನೇ. ವಾರ್ಡು, ಔಷಧಿಯ ವಾಸನೆ, ಹನ್ನೆರಡು, ಹದಿಮೂರು. ಬಂದ್ಯಾ, ಎಂದಳು ಅತ್ತಿಗೆ, ನಿನ್ನೆ ತಾನೇ ನೋಡಿದವಳ ಹಾಗೆ, ಅವಳ ಮುಖ ಎಷ್ಟಿದ್ದದ್ದು ಎಷ್ಟಾಗಿದೆ, ಕಾಲು ತಣ್ಣಗಾಗಿದೆ ಕಣೇ, ಸ್ವಲ್ಪ ಉಜ್ಜು. ಕೂತಳು, ಅಂಗಾಲಿಗೆ ಕೈ ಹಾಕಿದಳು, ಈಗಲಾದರೂ ಪ್ರಾರ್ಥನೆ ಮಾಡೇ ಎಂದುಕೊಂಡಳು, ಕರ್ತನೇ ಎಂಬುದರ ಮುಂದೆ ಬಾಯಿ ಹೋಗಲಿಲ್ಲ. ಅತ್ತಿಗೆಯ ಎದೆಯವರೆಗೆ ಹೊದಿಸಿದ್ದ ಶೀಟು, ಮೂಲೆಯಲ್ಲಿ ನೀಲಿ ಮೂವತ್ತೊಂದು, ಕೈ ಉಜ್ಜುತ್ತಿದೆ, ಶೀಟು ಉಸಿರಿನ ಜೊತೆ ಏಳುತ್ತದೆ, ಇಳಿಯುತ್ತದೆ, ಸರಿಯಾಗಿ ಹೊಟ್ಟೆಯ ಮೇಲೆ ಕಂದು ಕಲೆ, ಮೂತಿ ಚೂಪು, ಏಳುತ್ತದೆ, ಇಳಿಯುತ್ತದೆ, ಕಂದು ಕಲೆ, ಕಂದು ಕಲೆ