ಉದ್ದ ತೋಳಿನ ಅಂಗಿಯೊಳಗೆ

ಎತ್ತಿಕೊಳ್ಳಬೇಕೇ, ಬೇಡವೇ? ಒಂದೇ ನಿಮಿಷ ಎತ್ತಿಕೊಂಡರೆ ಏನಾದೀತು? ಬಟ್ಟೆಯ ಮೇಲಿನಿಂದ ಹಿಡಿದರೆ? ಆದರೆ ಅಂಗಿಯ ತೋಳಿನಿಂದ ಒಂದು ಹೊಟ್ಟು ಉದುರಿ ಮಗುವಿನ ಮೈಮೇಲೆ ಬಿದ್ದರೆ?

ಯಾಹ್ಯಾ ತೊಟ್ಟಿಲಿನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದ. ತೊಟ್ಟಿಲಲ್ಲಿ ಅವನ ಮೊಮ್ಮಗಳು ಹಬೀಬಾ ಅಳುತ್ತಿದ್ದಳು. ಅವಳು ಹುಟ್ಟಿ ಇಪ್ಪತ್ತೆಂಟು ದಿನವಾಗಿತ್ತು. ಹೆಂಡತಿ ಮುನೀರಾ ಬಚ್ಚಲಲ್ಲಿ ಮಗಳು ರೈಹಾನಾಳಿಗೆ ಬಾಣಂತಿ ಸ್ನಾನ ಮಾಡಿಸುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಗುವಿನ ಮುಖ ಕೆಂಪಾಗುತ್ತಾ ಹೋಯಿತು. ಯಾಹ್ಯಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ರೈಹಾನಾ ಒದ್ದೆ ತಲೆಯಲ್ಲೇ ಓಡಿ ಬಂದಳು.

"ಉಪ್ಪ, ಮಗು ಇಷ್ಟು ಅಳ್ತಾ ಉಂಟು, ನೀವು ನೋಡ್ತಾ ನಿಂತಿದ್ದೀರಾ?"

ಅಪ್ಪ ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟುಹೋದ.

ಬಜಪೆಯಲ್ಲಿ, ವಿಮಾನ ನಿಲ್ದಾಣದ ರಸ್ತೆಯಲ್ಲಿ ಯಾಹ್ಯಾನ ಅಂಗಡಿ. ಗಲ್ಫಿಗೆ ಹೋಗುವವರ ಪೆಟ್ಟಿಗೆಗಳನ್ನು ತೂಗಿ, ಹಗ್ಗ ಬಿಗಿದು ಕಟ್ಟಿಕೊಡುವುದು ಅವನ ಕೆಲಸ. ಹನ್ನೆರಡು ವರ್ಷದ ಹಿಂದೆ ಅವನ ಮೊಣಕೈಯಲ್ಲಿ ಒಂದು ಕೆಂಪು ಕಲೆ ಎದ್ದಿತು. ಅದರ ಮೇಲೆ ಬಿಳಿ ಹೊಟ್ಟು. ಆಮೇಲೆ ಇನ್ನೊಂದು ಮೊಣಕೈ, ನಂತರ ಮೊಣಕಾಲು, ಕಡೆಗೆ ಹಗ್ಗ ಉಜ್ಜುವ ಮುಂಗೈ. ಆಗ ಗಿರಾಕಿಯೊಬ್ಬ ರಜೆಗೆ ಬರುವಾಗ ಅಬುಧಾಬಿಯಿಂದ ಒಂದು ಟ್ಯೂಬ್ ತಂದುಕೊಟ್ಟ. ಹಚ್ಚಿದ ನಾಲ್ಕೇ ದಿನದಲ್ಲಿ ಕಲೆ ಮಾಯ. ಬಿಟ್ಟರೆ ಎರಡರಷ್ಟಾಗಿ ವಾಪಸು. ಅಲ್ಲಿಂದ ಮುಂದೆ ಪೆಟ್ಟಿಗೆ ಕಟ್ಟಿಸಿಕೊಂಡವರಿಗೆಲ್ಲ ಯಾಹ್ಯಾ ಹೇಳುವ ಮಾತು ಒಂದೇ: "ಬರುವಾಗ ಆ ಟ್ಯೂಬ್ ಒಂದು ತನ್ನಿ."

ಬಿಸಿಲಿರಲಿ, ಸೆಕೆಯಿರಲಿ, ಅವನು ಉದ್ದ ತೋಳಿನ ಅಂಗಿಯನ್ನೇ ಹಾಕಿದ. ಮಸೀದಿಯಲ್ಲಿ ಸಾಲಿನ ಕೊನೆಗೆ ನಿಂತ. ಮನೆಯಲ್ಲಿ ತನ್ನ ಬಟ್ಟಲು, ತನ್ನ ಟವೆಲ್ ಬೇರೆ ಮಾಡಿಕೊಂಡ. ಯಾರೂ ಏಕೆಂದು ಕೇಳಲಿಲ್ಲ. ಅವನೂ ಹೇಳಲಿಲ್ಲ. ಕೇಳದ ಮನೆಯಲ್ಲಿ ಹೇಳದೆ ಇರುವುದು ಬಹಳ ಸುಲಭ.

ಆ ದಿನ ಮಧ್ಯಾಹ್ನ ಯಾಹ್ಯಾ ಊಟಕ್ಕೆ ಬಂದಾಗ ಆಶಾ ಕಾರ್ಯಕರ್ತೆ ಯಶ್ಮಿತಾ ಮಗುವನ್ನು ನೋಡಲು ಬಂದಿದ್ದಳು. ತೂಕದ ಜೋಳಿಗೆ ಬಿಡಿಸುತ್ತಾ, "ಯಾಹ್ಯಾಕ, ಸ್ವಲ್ಪ ಮಗುವನ್ನು ಹಿಡ್ಕೊಳ್ಳಿ. ಇದರ ಕೊಕ್ಕೆ ಸಿಕ್ಕಿಹಾಕಿಕೊಂಡಿದೆ" ಎಂದಳು.

ಯಾಹ್ಯಾನ ಕೈ ಮತ್ತೆ ಬೆನ್ನ ಹಿಂದೆ ಹೋಯಿತು.

"ಅವರು ಹಿಡಿಯುವುದಿಲ್ಲ," ಎಂದಳು ರೈಹಾನಾ. "ಹುಟ್ಟಿದ ದಿನದಿಂದ ಒಮ್ಮೆ ಮುಟ್ಟಿಲ್ಲ. ಗಂಡು ಆಗಿದ್ರೆ ಮುಟ್ಟುತ್ತಿದ್ರೋ ಏನೋ. ಇನ್ನು ಹನ್ನೆರಡು ದಿನ. ನಲವತ್ತು ಆದ ಕೂಡ್ಲೇ ನಾನು ಗಂಡನ ಮನೆಗೆ ಹೋಗ್ತೇನೆ. ಮತ್ತೆ ಮಗುವನ್ನು ಇಲ್ಲಿಗೆ ತರುವುದೂ ಇಲ್ಲ."

"ಬಾಯಿಗೆ ಬಂದದ್ದು ಮಾತಾಡ್ಬೇಡ!" ಮುನೀರಾ ಗದರಿದಳು.

ಯಾಹ್ಯಾ ಗೋಡೆ ನೋಡುತ್ತಾ ನಿಂತಿದ್ದ. ಆಮೇಲೆ ನಿಧಾನವಾಗಿ ಅಂಗಿಯ ತೋಳಿನ ಗುಂಡಿ ಬಿಚ್ಚಿದ. ತೋಳನ್ನು ಮೊಣಕೈ ದಾಟುವವರೆಗೆ ಮೇಲಕ್ಕೆ ಮಡಚಿದ.

"ಇದು ಉಂಟು," ಎಂದ. "ಮಗುವಿಗೆ ಬಂದ್ರೆ?"

ರೈಹಾನಾ ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಯಶ್ಮಿತಾ ಎದ್ದು ಬಂದಳು. ಅವನ ಮೊಣಕೈಯನ್ನು ಬರಿಗೈಯಲ್ಲೇ ಹಿಡಿದು ಬೆಳಕಿಗೆ ತಿರುಗಿಸಿದಳು. ಯಾಹ್ಯಾ ಕೈ ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

"ಇದು ನಂಜು," ಎಂದಳು ಮುನೀರಾ. "ಎಟ್ಟಿ ಮೀನು ತಿಂದದ್ದಕ್ಕೆ ಬಂದದ್ದು. ಆರು ವರ್ಷದಿಂದ ನಾನು ಈ ಮನೆಗೆ ಎಟ್ಟಿ ತರುವುದೇ ಇಲ್ಲ."

"ಬಿಟ್ಟ ಮೇಲೆ ಕಡಿಮೆ ಆಯ್ತಾ?"

"ಎಲ್ಲಿ! ಜಾಸ್ತಿ ಆಯ್ತು."

"ಮತ್ತೆ ಆ ಪಾಪದ ಎಟ್ಟಿ ಎಂತ ತಪ್ಪು ಮಾಡಿದೆ ಮಾರಾಯ್ತಿ?" ಎಂದು ಯಶ್ಮಿತಾ ನಕ್ಕಳು. ಏನು ಹಚ್ಚುತ್ತೀರಿ, ಎಲ್ಲಿಂದ ಬಂತು ಎಂದು ಕೇಳಿ ಟ್ಯೂಬ್ ತರಿಸಿ ನೋಡಿದಾಗ ಅವಳ ನಗು ನಿಂತಿತು. "ಯಾಹ್ಯಾಕ, ನಾನು ಡಾಕ್ಟರ್ ಅಲ್ಲ. ಈ ಕಾಯಿಲೆಯ ಹೆಸರು ನಾನು ಹೇಳ್ಬಾರ್ದು. ಆದ್ರೆ ಈ ಟ್ಯೂಬ್ ಭಾರೀ ಜೋರಿನ ಮುಲಾಮು, ಸ್ಟೀರಾಯ್ಡ್. ಡಾಕ್ಟರ್ ಹೇಳದೆ ವರ್ಷಗಟ್ಟಲೆ ಹಚ್ಚುವುದಲ್ಲ. ಹಾಗಂತ ನೀವೇ ಒಮ್ಮೆಲೇ ನಿಲ್ಲಿಸ್ಲೂ ಬೇಡಿ. ನಾಳೆಯೇ ಸರಕಾರಿ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋಗಿ. ಟ್ಯೂಬನ್ನೂ ತಗೊಂಡು ಹೋಗಿ."

"ಹೋಗಿ ಎಂತ ಪ್ರಯೋಜನ? ಅವರೂ ಟ್ಯೂಬೇ ಕೊಡುವುದು."

"ಕೊಡ್ಲಿ. ಎಷ್ಟು ದಿನ, ಎಲ್ಲಿ, ಎಷ್ಟು ಹಚ್ಚಬೇಕು ಅಂತ ನಿಮ್ಮ ಅಬುಧಾಬಿಯವರು ಹೇಳಿದ್ದಾರಾ?"

ಯಾಹ್ಯಾ ಟ್ಯೂಬನ್ನು ತೆಗೆದು ಕಿಸೆಗೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಆಸ್ಯಮ್ಮನನ್ನು ಬಾಣಂತಿಯ ಜೊತೆಗಿಟ್ಟು, ಗಂಡ ಹೆಂಡತಿ ಪೇಟೆಗೆ ಹೋಗುವ ಸ್ಟೇಟ್‌ಬ್ಯಾಂಕ್ ಬಸ್ಸು ಹತ್ತಿದರು. ಆಸ್ಪತ್ರೆಯಲ್ಲಿ ಉದ್ದದ ಸಾಲಿತ್ತು. ಕಾಯುವಾಗ ಮುನೀರಾ ಗಂಡನ ಕಿವಿಯಲ್ಲಿ, "ಕುಷ್ಠ ಅಂತ ಹೇಳಿದ್ರೆ?" ಎಂದಳು. ಯಾಹ್ಯಾನ ಮನಸ್ಸಿನಲ್ಲಿದ್ದದ್ದೂ ಅದೇ.

ಡಾಕ್ಟರ್ ಅನುಷ್ಕಾ ಇಬ್ಬರಿಗಿಂತಲೂ ಎಷ್ಟೋ ಚಿಕ್ಕವಳು. ಮೊಣಕೈ, ಮೊಣಕಾಲು, ತಲೆಯ ಚರ್ಮ, ಉಗುರು ಎಲ್ಲ ನೋಡಿದಳು. ಕಲೆಯ ಮೇಲೆ ಹತ್ತಿ ಸವರಿ ಗೊತ್ತಾಗುತ್ತದೆಯೇ ಎಂದು ಕೇಳಿದಳು. ಗೊತ್ತಾಗುತ್ತಿತ್ತು. ಬೆಳಿಗ್ಗೆ ಏಳುವಾಗ ಬೆರಳಿನ ಗಂಟು ಹಿಡಿದುಕೊಳ್ಳುತ್ತದೆಯೇ ಎಂದು ಕೇಳಿದಳು. ಅದಿರಲಿಲ್ಲ. ಆಮೇಲೆ ಟ್ಯೂಬ್ ಎತ್ತಿ ಹಿಡಿದಳು.

"ಇದನ್ನು ಕೊಟ್ಟದ್ದು ಯಾರು?"

"ಅಬುಧಾಬಿಯಲ್ಲಿದ್ದಾರೆ ಒಬ್ರು."

"ಡಾಕ್ಟರಾ?"

"ಅಲ್ಲ. ಡ್ರೈವರ್."

ಅನುಷ್ಕಾ ನಗು ತಡೆದುಕೊಂಡಳು. "ನಿಮ್ಮದು ಕುಷ್ಠ ಅಲ್ಲ. ಕುಷ್ಠ ಆಗಿದ್ರೂ ಹೆದರ್ಬೇಕಿಲ್ಲ, ಅದಕ್ಕೂ ಪೂರ್ತಿ ಗುಣ ಆಗುವ ಮದ್ದು ಉಂಟು. ಇದು ಸೋರಿಯಾಸಿಸ್. ನಮ್ಮ ಚರ್ಮ ಸುಮಾರು ಒಂದು ತಿಂಗಳಲ್ಲಿ ಹೊಸತಾಗ್ತದೆ. ನಿಮ್ಮ ಕಲೆಗಳಲ್ಲಿ ಅದು ಕೆಲವೇ ದಿನದಲ್ಲಿ ಆಗ್ತಾ ಉಂಟು. ಹಳೆಯದು ಉದುರುವ ಮೊದಲೇ ಹೊಸತು ಬಂದು ರಾಶಿ ಬೀಳ್ತದೆ. ಅದೇ ಈ ಹೊಟ್ಟು."

"ಪ್ಲೇನ್ ತಪ್ಪುತ್ತದೆ ಅಂತ ಓಡುವವರ ಹಾಗೆ," ಎಂದಳು ಮುನೀರಾ.

"ಹಾಗೆಯೇ ಅಂದ್ಕೊಳ್ಳಿ. ಇದನ್ನು ಬೇರಿನಿಂದ ಕಿತ್ತು ತೆಗೀತೇನೆ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವವರನ್ನು ನಂಬ್ಲೂ ಬೇಡಿ. ಸಕ್ಕರೆ ಕಾಯಿಲೆಯ ಹಾಗೆ, ಹತೋಟಿಯಲ್ಲಿ ಇಡ್ಬಹುದು. ಚೆನ್ನಾಗಿಯೇ ಇಡ್ಬಹುದು."

ಆ ಟ್ಯೂಬಿನಿಂದ ಅವನ ಮೊಣಕೈಯ ಒಳಭಾಗದ ಚರ್ಮ ಕಾಗದದಷ್ಟು ತೆಳ್ಳಗಾಗಿರುವುದನ್ನು ಅವಳು ತೋರಿಸಿದಳು. ಅದನ್ನು ಹೇಗೆ ಹಂತ ಹಂತವಾಗಿ ಬಿಡಬೇಕೆಂದು ಬರೆದುಕೊಟ್ಟಳು. ಹೊಸ ಮುಲಾಮು ಎಷ್ಟು ದಿನ, ಎಲ್ಲೆಲ್ಲಿ ಎಂದು ಬೆರಳಿಟ್ಟು ತೋರಿಸಿದಳು. ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿಯಿರುವಾಗಲೇ ಚರ್ಮ ಮೆದುವಾಗಿಸುವ ಕ್ರೀಮ್ ಹಚ್ಚಬೇಕು. ಹೊಟ್ಟನ್ನು ಕೆರೆದು ತೆಗೆಯಬಾರದು. ಹಗ್ಗ ಬಿಗಿಯುವಾಗ ಮುಂಗೈಗೆ ಬಟ್ಟೆ ಸುತ್ತಬೇಕು. ಚರ್ಮಕ್ಕೆ ಪೆಟ್ಟು ಬಿದ್ದಲ್ಲಿ ಹೊಸ ಕಲೆ ಏಳುತ್ತದೆ. ಇದು ಸಾಲದಿದ್ದರೆ ಬೆಳಕಿನ ಚಿಕಿತ್ಸೆ ಇದೆ, ರಕ್ತ ಪರೀಕ್ಷೆ ಮಾಡಿಸಿಕೊಂಡು ತೆಗೆದುಕೊಳ್ಳುವ ಮಾತ್ರೆಗಳಿವೆ. ಬೀಡಿ, ಸಿಗರೇಟು ಬೇಡ.

"ಎಟ್ಟಿ?" ಎಂದಳು ಮುನೀರಾ.

"ಧಾರಾಳ ತಿನ್ನಿ. ಬೇರೆ ಎಂತಾದ್ರೂ ಕೇಳ್ಲಿಕ್ಕುಂಟಾ?"

ಯಾಹ್ಯಾ ತಲೆ ತಗ್ಗಿಸಿ ಕುಳಿತಿದ್ದ. ಹೊರಗೆ ಸಾಲು ಇನ್ನೂ ಬೆಳೆಯುತ್ತಿತ್ತು. ಅನುಷ್ಕಾ ಮುಂದಿನವರನ್ನು ಕರೆಯಲಿಲ್ಲ. ಪೆನ್ನು ಕೆಳಗಿಟ್ಟು ಸುಮ್ಮನೆ ಕಾದಳು.

"ಮಗುವನ್ನು ಎತ್ತಿಕೊಳ್ಬಹುದಾ?" ಎಂದ ಯಾಹ್ಯಾ. "ಮೊಮ್ಮಗಳು."

"ಇವತ್ತೇ ಎತ್ತಿಕೊಳ್ಳಿ. ಇದರಲ್ಲಿ ಹುಳ ಇಲ್ಲ, ಕ್ರಿಮಿ ಇಲ್ಲ. ಅಪ್ಪಿಕೊಂಡ್ರೆ ಬರುವುದಿಲ್ಲ, ಒಂದೇ ಬಟ್ಟಲಲ್ಲಿ ಉಂಡ್ರೆ ಬರುವುದಿಲ್ಲ. ಮುಲಾಮು ಹಚ್ಚಿದ ಕೈ ಮಾತ್ರ ತೊಳ್ಕೊಳ್ಳಿ, ಮುಲಾಮು ಮಗುವಿಗೆ ತಾಗ್ಬಾರ್ದು. ಕಾಯಿಲೆ ತಾಗುವುದಿಲ್ಲ."

"ರಕ್ತದಲ್ಲಿ ಇಳಿದು ಬರ್ತದೆ ಅಂತ ಹೇಳ್ತಾರಲ್ಲ?" ಮುನೀರಾ ಬಿಡಲಿಲ್ಲ.

"ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಕಾಣಿಸಿಕೊಳ್ಳುವುದು ಉಂಟು. ಹೆಚ್ಚಿನ ಮಕ್ಕಳಿಗೆ ಬರುವುದೇ ಇಲ್ಲ. ಆದ್ರೆ ಒಂದು ತಿಳ್ಕೊಳ್ಳಿ, ಮುಟ್ಟಿದ್ದಕ್ಕೆ ಅದು ಬರುವುದಲ್ಲ. ಮುಟ್ಟದೆ ಇದ್ರೆ ತಪ್ಪುವುದೂ ಅಲ್ಲ."

ವಾಪಸು ಬರುವ ಬಸ್ಸಿನಲ್ಲಿ ಯಾಹ್ಯಾ ಕಿಟಕಿಯ ಹೊರಗೆ ನೋಡುತ್ತಾ ಕುಳಿತ. ಕಾವೂರು ದಾಟುವಾಗ ಮುನೀರಾ ಅವನತ್ತ ತಿರುಗಿದಳು. ಅವನ ಕಣ್ಣು ಒದ್ದೆಯಾಗಿತ್ತು. ಅವಳು ಅವನ ಮುಂಗೈಯ ಮೇಲೆ, ಕಲೆಯ ಮೇಲೆಯೇ, ತನ್ನ ಕೈ ಇಟ್ಟಳು. ಬಜಪೆ ಬರುವವರೆಗೂ ತೆಗೆಯಲಿಲ್ಲ.

ಮನೆಗೆ ಬಂದು ಡಾಕ್ಟರ್ ಹೇಳಿದ್ದನ್ನೆಲ್ಲ ಮುನೀರಾಳೇ ಒಂದೇ ಉಸಿರಿನಲ್ಲಿ ಹೇಳಿದಳು. ಯಾಹ್ಯಾ ಕೈ ತೊಳೆದು ಬಂದು ಚಾಪೆಯ ಮೇಲೆ ಕುಳಿತ. ರೈಹಾನಾ ಮಗುವನ್ನು ತಂದು ಅವನ ತೊಡೆಯ ಮೇಲೆ ಮಲಗಿಸಿದಳು. ಮಗು ಅಳಲಿಲ್ಲ, ನಗಲೂ ಇಲ್ಲ. ಬಾಯಿ ದೊಡ್ಡದು ಮಾಡಿ ಆಕಳಿಸಿತು.

"ಉಪ್ಪ, ಉಸಿರು ಬಿಡಿ," ಎಂದಳು ರೈಹಾನಾ. ಆಗಲೇ ಎಲ್ಲರೂ ನಕ್ಕದ್ದು.

ಹನ್ನೆರಡು ದಿನದಲ್ಲಿ ಕಲೆಗಳು ಹೋಗಲಿಲ್ಲ. ನಲವತ್ತನೆಯ ದಿನ ಮಗುವನ್ನು ಕಾರಿನವರೆಗೆ ಎತ್ತಿಕೊಂಡು ಹೋದದ್ದು ಯಾಹ್ಯಾನೇ, ಕಲೆಯಿದ್ದ ಕೈಗಳಲ್ಲೇ. ಎರಡು ತಿಂಗಳಲ್ಲಿ ಮೊಣಕಾಲು ತಿಳಿಯಾಯಿತು. ಆಗ ಎಲ್ಲ ಗುಣವಾಯಿತೆಂದು ಹೇಳದೆ ಕೇಳದೆ ಮದ್ದು ಬಿಟ್ಟ, ಹೊಟ್ಟು ಮತ್ತೆ ಎದ್ದಿತು, ಯಶ್ಮಿತಾಳಿಂದ ಸರಿಯಾಗಿ ಬೈಸಿಕೊಂಡ. ಈಗ ತಪ್ಪದೆ ಆಸ್ಪತ್ರೆಗೆ ಹೋಗುತ್ತಾನೆ. ಮೊಣಕೈಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಅದು ಅಂಗಡಿಗೆ ಬಂದವರಿಗೆ ಕಾಣುತ್ತದೆ.

"ಕಾಕ, ಬರುವಾಗ ಟ್ಯೂಬ್ ತರ್ಬೇಕಾ?" ಎಂದು ಮೊನ್ನೆ ಒಬ್ಬ ಗಿರಾಕಿ ಕೇಳಿದ.

"ಬೇಡ ಮಾರಾಯ. ಖರ್ಜೂರ ತಾ. ಟ್ಯೂಬ್ ಡಾಕ್ಟರ್ ಕೊಡ್ತಾರೆ."

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮೈಮೇಲೆ ವಾರಗಟ್ಟಲೆ ಹೋಗದ ಕಲೆ, ಹೊಟ್ಟು, ತುರಿಕೆ ಇದ್ದರೆ ಅದನ್ನು ಅಂಗಿಯೊಳಗೆ ಮುಚ್ಚಿಡಬೇಡಿ. ಯಾರೋ ತಂದುಕೊಟ್ಟ ಮುಲಾಮನ್ನು ಹಚ್ಚಬೇಡಿ; ನಿಮ್ಮ ಮುಲಾಮನ್ನು ಇನ್ನೊಬ್ಬರಿಗೆ ಕೊಡಬೇಡಿ. ಸ್ಪರ್ಶ ತಿಳಿಯದ ಕಲೆಯಿದ್ದರೆ ತಡಮಾಡದೆ ತೋರಿಸಿ. ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗಿ, ದಾರಿ ಗೊತ್ತಿಲ್ಲದಿದ್ದರೆ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ನಿಮ್ಮ ಮನೆಯಲ್ಲಿ ಒಬ್ಬರು ಸುಮ್ಮಸುಮ್ಮನೆ ದೂರ ನಿಲ್ಲುತ್ತಿದ್ದರೆ, ಏಕೆಂದು ಕೇಳಿ. ಅವರಾಗಿಯೇ ಹೇಳುತ್ತಾರೆಂದು ಕಾಯಬೇಡಿ.

ಯಾಹ್ಯಾ ಕೂಡ ಎಲ್ಲವನ್ನೂ ಹೇಳಿಲ್ಲ. ರೈಹಾನಾಳಿಗೆ ಹನ್ನೊಂದು ವರ್ಷವಿದ್ದಾಗ, ಶಾಲೆಯ ಮುಂದೆ ರಸ್ತೆ ದಾಟಿಸುವಾಗ, ಮುಂಗೈಗೆ ಕಲೆ ಬಂದ ಮೇಲೆ ಅವನು ಒಂದು ದಿನ ಅವಳ ಕೈ ಹಿಡಿಯುವುದನ್ನು ನಿಲ್ಲಿಸಿದ್ದ. ಯಾಕೆ ನಿಲ್ಲಿಸಿದೆ ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.