ಕಾರಿನಿಂದ ಟ್ರಾಕ್ಟರಿಗೆ

ಮೇಘನ ಕಾರಿನ ಬಾಗಿಲು ತೆಗೆದಳು. ಸ್ಟೇರಿಂಗಿನ ಪಕ್ಕ ಪರದೆ ಇರಬೇಕಾದ ಜಾಗದಲ್ಲಿ ವೈರುಗಳು ಜೋತುಬಿದ್ದಿದ್ದವು. ಆ ಪರದೆಯ ಮ್ಯೂಸಿಕ್ ಸೆಟ್ಟಿನೊಳಗಿನ ದಾಖಲೆ ತೆಗೆಯಲೆಂದೇ ಅವಳು ಪೊಲೀಸರ ವಿಧಿವಿಜ್ಞಾನ ಲ್ಯಾಬಿನಿಂದ ಅರಕೆರೆಗೆ ಬಂದಿದ್ದಳು.

“ಸೆಟ್ಟು ಎಲ್ಲಿ?”

“ಕೆಟ್ಟೋಗಿತ್ತು, ಗುಜರಿಗೆ ಆಕ್ಬುಟ್ಟೆ,” ಎಂದ ಕಾರಿನ ಮಾಲೀಕ ಶಿವಶಂಕರ್, ಜಗಲಿಯಿಂದ ಇಳಿಯದೆ. “ಹಾಡು ಕೇಳೋ ಡಬ್ಬದಲ್ಲಿ ಏನಮ್ಮ ಉಡುಕ್ತೀರಿ?”

ಕೆಲವು ದಿನಗಳ ಹಿಂದೆ ಒಂದು ಸಂಜೆ ನಾಲೆ ಏರಿಯ ಮೇಲೆ ಸೈಕಲ್ಲಿನಲ್ಲಿ ಡೈರಿಗೆ ಹಾಲು ಒಯ್ಯುತ್ತಿದ್ದ ಮರಿಯಯ್ಯನಿಗೆ ಈ ಕಾರು ಗುದ್ದಿತ್ತು. ಅವನು ಬೆಳಗಿನವರೆಗೂ ಅಲ್ಲೇ ಬಿದ್ದಿದ್ದು ಸತ್ತಿದ್ದ. ಏನೋ ತಾಗಿದಂತಾಯಿತು, ಎಮ್ಮೆಯಿರಬೇಕೆಂದು ನಿಲ್ಲಿಸದೆ ಬಂದೆ ಎಂಬುದು ಶಿವಶಂಕರನ ಹೇಳಿಕೆ.

“ಎಮ್ಮೆ ಸೈಕಲ್ ತುಳೀತದಾ?” ಗೇಟಿನಾಚೆಯಿಂದ ಮರಿಯಯ್ಯನ ಹೆಂಡತಿ ಮಂಗಳಮ್ಮ ಕೇಳಿದಳು.

“ನಿನ್ ಯಾರು ಕರುದ್ರಮ್ಮೀ ಇಲ್ಲಿಗೆ?”

ಅವಳು ಅವನತ್ತ ನೋಡದೆ ಮೇಘನಳಿಗೆ ಹೇಳಿದಳು. “ಗುಜರೀಲಿಲ್ಲ ಕಣವ್ವ. ಇವ್ರ ಟ್ರಾಕ್ಟರ್ ಮೇಲದೆ. ಕಬ್ಬು ತುಂಬೋಳು ನಾನೇ ಅಲ್ವಾ, ಊರಿಗೆಲ್ಲ ಕೇಳಂಗೆ ಹಾಡಾಕ್ಕೊಂಡು ಓಯ್ತದೆ.”

ಶಿವಶಂಕರ್ ಅದನ್ನು ನಾಲೆಗೆ ಎಸೆಯಲೆಂದೇ ಬಿಚ್ಚಿಸಿದ್ದ. ಆದರೆ ಆಲೆಮನೆಯ ದಾರಿಯಲ್ಲಿ ಬೇರೆಯವರ ಟ್ರಾಕ್ಟರುಗಳೆಲ್ಲ ಹಾಡಿಕೊಂಡು ಹೋಗುವಾಗ ತನ್ನದೊಂದೇ ಮೂಕವಾಗಿ ಹೋಗುವುದು ಅವನಿಗೆ ಮೊದಲಿಂದಲೂ ಅವಮಾನ. ಅಷ್ಟಗಲದ ಪರದೆಯನ್ನು ನೀರಿಗೆ ಹಾಕಲು ಕೈ ಬರಲಿಲ್ಲ. ಟ್ರಾಕ್ಟರಿಗೆ ಹಾಕಿಸಿ, ಕಬ್ಬಿನ ಸೋಗೆಯ ದೂಳು ಬೀಳದಂತೆ ಅದಕ್ಕೆ ಪ್ಲಾಸ್ಟಿಕ್ ಹೊದಿಸಿದ್ದ. ಮೇಘನ ಪ್ಲಾಸ್ಟಿಕ್ಕನ್ನೂ ಸೇರಿಸಿ ಬಿಚ್ಚಿಕೊಂಡು ಹೋದಳು.

ಲ್ಯಾಬಿನ ವರದಿ ಬಂದ ದಿನ ಎಸ್‌ಐ ಎಲ್ಲರನ್ನೂ ಠಾಣೆಗೆ ಕರೆಸಿದರು.

“ಈ ಸೆಟ್ಟಿನಲ್ಲಿ ಹಾಡಷ್ಟೇ ಇರಲ್ಲ, ಕಾರು ಏನೇನು ಮಾಡ್ತು ಅನ್ನೋದೂ ಉಳಿದಿರುತ್ತೆ,” ಎಂದಳು ಮೇಘನ. “ಆ ಸಂಜೆ ನಾಲೆ ಏರಿ ಮೇಲೆ ಕಾರು ನಿಂತಿದೆ. ಡ್ರೈವರ್ ಬಾಗಿಲು ತೆಗೆದಿದೆ. ಒಂದಷ್ಟು ಹೊತ್ತಾದ್ಮೇಲೆ ಮುಚ್ಚಿದೆ, ಕಾರು ಹೊರಟಿದೆ.”

“ಅದು ಟ್ರಾಕ್ಟರಿಗೆ ಆಕುದ್ಮೇಲೆ ಆಗಿರೋದು.”

“ನಿಮ್ಮ ಟ್ರಾಕ್ಟರಿಗೆ ಬಾಗಿಲು ಎಲ್ಲಿದೆ?”

ಕಾನ್‌ಸ್ಟೇಬಲ್ ಒಬ್ಬ ನಕ್ಕು, ಎಸ್‌ಐ ನೋಡಿದ ಮೇಲೆ ಸುಮ್ಮನಾದ.

“ಅಂಗಾದ್ರೆ ಇಳ್ದು ನೋಡಿದ್ದೀಯ,” ಎಂದಳು ಮಂಗಳಮ್ಮ. ಶಿವಶಂಕರನನ್ನು ಅವಳು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. “ನಮ್ಮೆಜಮಾನ್ರು ನೀರು ಕೇಳುದ್ರಾ?”

“ಏಯ್, ಬಾಯಿ ಮುಚ್ಕೊಂಡು ಕೂತ್ಕೊ.”

“ಕೇಳುದ್ರೋ ಇಲ್ವೋ, ಅದ್ನ ಯೋಳು.”

ಅವನು ಎಸ್‌ಐ ಕಡೆ ತಿರುಗಿ, ವಕೀಲರು ಬರುವವರೆಗೆ ಒಂದು ಮಾತೂ ಆಡುವುದಿಲ್ಲ ಎಂದ.

ಮಂಗಳಮ್ಮ ಎದ್ದು ಹೋಗಿ ಠಾಣೆಯ ಬಾಗಿಲಿಗೆ ಅಡ್ಡಲಾಗಿ ಕೂತಳು.

“ಬರ್ಲಿ ಬುಡು. ಅವ್ರ ಮುಂದ್ಲೇ ಕೇಳ್ತೀನಿ.”