ಯಾರ ವ್ಯಾಪ್ತಿಗೂ ಬಾರದ ಕುದುರೆ

ನಾನು ಒಂದು ತೂಗುಕುದುರೆ. ‘ಒಂದು’ ಎಂದದ್ದು ವಿನಯಕ್ಕೆ, ನನ್ನಂಥದ್ದು ಇನ್ನೊಂದಿಲ್ಲ. ಕಿನ್ನಾಳದ ಏಕಪ್ಪ ಚಿತ್ರಗಾರ ಹಗುರವಾದ ಮರದಲ್ಲಿ ನನ್ನನ್ನು ಕೆತ್ತಿ, ಹುಣಸೆ ಬೀಜದ ಅಂಟು ಬಳಿದು, ಮೈಗೆ ಕೆಂಪು, ಅಯಾಲಿಗೆ ಹಳದಿ ಹಚ್ಚಿದ. ಬಣ್ಣ ಒಣಗುವ ಮೊದಲೇ ನನ್ನನ್ನು ಕೊಳ್ಳಲು ದೇಶದೇಶದ ರಾಜರು ಸಾಲುಗಟ್ಟಿ ನಿಂತಿದ್ದರು. ಸರಿ, ರಾಜರಲ್ಲ, ಒಬ್ಬ ಸರ್ಕಾರಿ ಗುಮಾಸ್ತ. ಆದರೆ ಅವನ ಠೀವಿ ರಾಜನದ್ದೇ.

ಅವನು ನನ್ನನ್ನು ತಂದು ನಿಲ್ಲಿಸಿದ್ದು ಒಂದು ಜಿಲ್ಲಾ ಊರಿನ ಹಳೆಯ ಕಟ್ಟಡದಲ್ಲಿ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನನಗೂ ಸಮನ್ಸ್ ಬಂದೀತು. ಎಡಗಡೆ ಮಕ್ಕಳ ಕಲ್ಯಾಣ ಸಮಿತಿ, ಬಲಗಡೆ ಕೌಟುಂಬಿಕ ನ್ಯಾಯಾಲಯ, ನಡುವೆ ಒಂದು ಪಡಸಾಲೆ. ಪಡಸಾಲೆಯ ಚಕ್ರವರ್ತಿ ನಾನು. ಅಪ್ಪ ಅವ್ವ ಒಳಗೆ ವಾದ ಮಾಡುವಾಗ ಮಕ್ಕಳು ನನ್ನ ಬೆನ್ನೇರುತ್ತಿದ್ದರು. ನಾನು ಜೋರಾಗಿ ತೂಗಿದರೆ ಕಟ್ಟಡದ ಅಡಿಪಾಯ ಅಲುಗಿ, ಒಳಗಿದ್ದ ವಕೀಲರ ಕನ್ನಡಕಗಳು ಮೂಗಿನಿಂದ ಜಾರುತ್ತಿದ್ದವು.

ಒಮ್ಮೆ ನನ್ನ ಎಡಗಿವಿ ಮುರಿಯಿತು. ಒಂದು ಚಿಟಿಕೆ ಅಂಟಿನ ಕೆಲಸ. ಸಮಿತಿಯವರು, “ಅದು ಕೋರ್ಟಿನ ಕುದರಿ” ಎಂದರು. ಕೋರ್ಟಿನವರು, “ಸಮಿತಿಗಂತ ಬಂದದ್ದು, ನಮ್ಮ ವ್ಯಾಪ್ತಿಗೆ ಬರಾಂಗಿಲ್ಲ” ಎಂದರು. ಮುರಿದ ಕಿವಿ ಕಸದ ಬುಟ್ಟಿ ಸೇರಿತು. ಕಸದ ಬುಟ್ಟಿಯೊಂದೇ ಆ ಕಟ್ಟಡದಲ್ಲಿ ಯಾವ ತಕರಾರೂ ಇಲ್ಲದೆ ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುತ್ತಿದ್ದದ್ದು.

ಹೋಗಲಿ, ನನ್ನ ಕಿವಿ ಏನು ಮಹಾ! ಅದೇ ಮಾತನ್ನು ಅವರು ನೀಲಾಂಬಿಕೆಗೂ ಹೇಳಿದರಲ್ಲ, ನನ್ನ ಸಿಟ್ಟು ಅಲ್ಲಿಂದ ಶುರು.

ನೀಲಾಂಬಿಕೆ ಪುಟ್ಟ ಹುಡುಗಿ. ಎಲ್ಲರೂ ನೀಲಾ ಎನ್ನುತ್ತಿದ್ದರು. ಅವಳ ಅಪ್ಪ ಬಸಲಿಂಗ, ಅವ್ವ ದಾಕ್ಷಾಯಣಿ. ಬಸಲಿಂಗ ಯಾರದೋ ಚಾಡಿ ಕೇಳಿ, “ಈ ಕೂಸು ನಂದಲ್ಲ” ಎಂದು ಇಬ್ಬರನ್ನೂ ಮನೆಯಿಂದ ಹೊರಗೆ ಹಾಕಿದ್ದ. ದಾಕ್ಷಾಯಣಿ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಎಡಗಡೆಯ ಬಾಗಿಲಿಗೆ ಹೋದಳು.

“ತಂದಿ ಯಾರು ಅನ್ನೂದು ಕೋರ್ಟ್ ಹೇಳಬೇಕವ್ವಾ. ಅದು ನಮ್ಮ ವ್ಯಾಪ್ತಿ ಅಲ್ಲ.”

ಬಲಗಡೆಯ ಬಾಗಿಲಿಗೆ ಬಂದಳು.

“ಕೂಸಿಗೆ ಆಸರಾ ಕೊಡೂದು ಸಮಿತಿ ಕೆಲಸ. ಅಲ್ಲಿ ಕೇಳ್ರಿ.”

“ಅಲ್ಲಿಂದಲೇ ಬಂದೇನ್ರೀ ಯಪ್ಪಾ!”

“ಮತ್ತ ಅಲ್ಲೇ ಹೋಗ್ರಿ.”

ಹೀಗೆ ಅವಳು ಆ ಪಡಸಾಲೆಯಲ್ಲಿ ನಡೆದ ದೂರವನ್ನು ನೇರ ಮಾಡಿದ್ದರೆ ಚಂದ್ರಲೋಕ ಮುಟ್ಟಿ ವಾಪಸು ಬರಬಹುದಿತ್ತು. ಕೊನೆಗೆ ಅವಳ ಅಕ್ಕನೇ ತನ್ನ ಮನೆಯ ಹಿತ್ತಲ ಕೋಣೆ ಬಿಟ್ಟುಕೊಟ್ಟಳು. ಎರಡೂ ಕಚೇರಿಯವರು ನೆಮ್ಮದಿಯಿಂದ ಚಹಾ ಕುಡಿದರು. ನನಗೆ ಹಲ್ಲಿದ್ದಿದ್ದರೆ ಆ ಕಪ್ಪುಗಳನ್ನೇ ಕಚ್ಚಿ ಪುಡಿ ಮಾಡುತ್ತಿದ್ದೆ.

ಕೋರ್ಟು ರಕ್ತ ಪರೀಕ್ಷೆ ಮಾಡಿಸಿತು. ಮಗು ಬಸಲಿಂಗನದೇ ಎಂದು ಬಂತು. ಬೇರೆ ಯಾರಾದರೂ ಆಗಿದ್ದರೆ ನೆಲ ಬಿರಿದು ಒಳಗೆ ಹೋಗುತ್ತಿದ್ದರು. ಬಸಲಿಂಗ ಮಾತ್ರ ಅದೇ ಪಡಸಾಲೆಯಲ್ಲಿ, ಅದೇ ಬಾಯಲ್ಲಿ, “ನನ್ನ ರಕ್ತ ಅಂದಮ್ಯಾಲೆ ನನ್ನ ಮನ್ಯಾಗ ಇರಬೇಕು. ಕೂಸು ನನಗ ಕೊಡ್ರಿ” ಎಂದ.

ದಾಕ್ಷಾಯಣಿ ಕಿಸಕ್ಕನೆ ನಕ್ಕಳು. “ನಿನ್ನೀತನ ಬ್ಯಾಡಾಗಿತ್ತು, ಇವತ್ತ ಬೇಕಾತು? ಕೂಸಂದ್ರ ಸಂತ್ಯಾಗಿನ ಬದನಿಕಾಯಿ ಏನು, ಒತ್ತಿ ನೋಡಿ ಚೀಲಕ್ಕ ಹಾಕ್ಕೊಳ್ಳಾಕ?”

ಆ ಕೋರ್ಟಿನಲ್ಲಿ ಒಂದು ಪದ್ಧತಿಯಿತ್ತು. ಆಪ್ತ ಸಮಾಲೋಚಕಿ ಸುಲೋಚನಾ ಮೇಡಂ ಪಡಸಾಲೆಯ ಆ ತುದಿಗೆ ಅಪ್ಪನನ್ನು, ಈ ತುದಿಗೆ ಅವ್ವನನ್ನು ಕೂರಿಸಿ, ನಡುವೆ ಮಗುವನ್ನು ಬಿಡುತ್ತಿದ್ದರು. ಮಗು ಯಾರತ್ತ ಓಡಿತೋ ಅವರ ಮೇಲೆ ಅದಕ್ಕೆ ಪ್ರೀತಿ ಹೆಚ್ಚು ಎಂದು ನ್ಯಾಯಾಧೀಶ ಸಾಹೇಬರಿಗೆ ವರದಿ. ಹಗ್ಗ ಬಿಚ್ಚಿದ ಕರು ಯಾವ ಹಸುವಿನತ್ತ ಹೋಗುತ್ತದೆ ಎಂದು ನೋಡುವ ಹಾಗೆ!

ನೀಲಾಳ ಸರದಿ ಬಂದ ದಿನ ಅಟೆಂಡರ್ ಹುಸೇನಸಾಬ ನೆಲ ಒರೆಸಲೆಂದು ನನ್ನನ್ನು ಎಳೆದು ಅಪ್ಪನ ಕುರ್ಚಿಯ ಪಕ್ಕಕ್ಕೆ ನಿಲ್ಲಿಸಿದ್ದ. ವಾಪಸು ಸರಿಸಲು ಮರೆತ. ಮೇಡಂ ಕೈಬಿಟ್ಟದ್ದೇ ತಡ, ನೀಲಾ ಬಾಣದಂತೆ ಓಡಿ ಬಂದಳು. ಯಾರ ಹತ್ತಿರ? ನನ್ನ ಹತ್ತಿರ! ನನ್ನ ಕೊರಳು ತಬ್ಬಿ ಬೆನ್ನೇರಿದಳು. ಪಕ್ಕದಲ್ಲಿದ್ದ ಬಸಲಿಂಗ ಕೈಚಾಚಿ ಅವಳ ತಲೆ ಸವರಿದ. ಮೇಡಂ ಬರೆದುಕೊಂಡರು: ‘ಮಗು ಸ್ವಇಚ್ಛೆಯಿಂದ ತಂದೆಯ ಬಳಿ ಧಾವಿಸಿತು.’

“ಮೇಡಂ, ಆಕಿ ಕುದರಿ ಕಡೆ ಓಡಿದ್ಲರೀ!” ಎಂದು ದಾಕ್ಷಾಯಣಿ ಕೂಗಿದಳು.

“ಕುದುರೆ ಈ ಕೇಸಿನ್ಯಾಗ ಪಾರ್ಟಿ ಅಲ್ಲಮ್ಮಾ” ಎಂದರು ಮೇಡಂ.

ನಾನು ಪಾರ್ಟಿ ಅಲ್ಲವಂತೆ! ಅವರ ಪದ್ಧತಿಯ ಪ್ರಕಾರ ಆ ಮಗುವಿನ ತಂದೆ ನಾನೇ. ರಕ್ತ ಪರೀಕ್ಷೆ ಮಾಡಿಸಿ, ಹುಣಸೆ ಅಂಟು ಬಂದರೂ ಬರಲಿ. ನನ್ನ ಮೇಲಿನ ಪ್ರೀತಿಯನ್ನು ಕದ್ದು ಆ ಬಸಲಿಂಗನ ಹೆಸರಿಗೆ ಬರೆದರು. ಅದನ್ನೇ ನಂಬಿ ಸಾಹೇಬರು ಮಗುವನ್ನು ಅವನಿಗೆ ಒಪ್ಪಿಸುವವರಿದ್ದರು. ಅಂದು ನಾನು ನಿಂತಲ್ಲೇ ಸಿಟ್ಟಿನಿಂದ ಎಷ್ಟು ನಡುಗಿದೆನೆಂದರೆ ಮೂರು ತಾಲೂಕಿನ ಜನ ಭೂಕಂಪವೆಂದು ಬಯಲಿಗೆ ಓಡಿದರು.

ಆದೇಶದ ದಿನ ದಾಕ್ಷಾಯಣಿ ತನ್ನ ವಕೀಲರನ್ನೂ ಹಿಂದಿಕ್ಕಿ ಸಾಹೇಬರ ಎದುರು ನಿಂತಳು. “ಸಾಹೇಬ್ರ, ಇನ್ನೊಂದು ಸಲ ಓಡಸ್ರಿ. ಕುದರಿ ಮಾತ್ರ ನಿಮ್ಮ ಕುರ್ಚಿ ಬಾಜೂಕ ಇಡಸ್ರಿ.”

ಬಸಲಿಂಗನ ವಕೀಲರು ಎಗರಾಡಿದರು. ಸಾಹೇಬರು ಕ್ಷಣ ಯೋಚಿಸಿ, “ತರ್ರಿ ನೋಡೂಣು” ಎಂದರು. ಹುಸೇನಸಾಬ ನನ್ನನ್ನು ಹೊತ್ತು ತಂದ. ನ್ಯಾಯಾಲಯದ ಪೀಠಕ್ಕೆ ಏರಿದ ಮೊದಲ ಕುದುರೆ ನಾನೇ. ಆಗ ನನ್ನ ಗತ್ತು ನೋಡಬೇಕಿತ್ತು!

ನೀಲಾಳನ್ನು ಬಿಟ್ಟರು. ಅವಳು ಅಪ್ಪನ ಮುಂದಿನಿಂದ ಹಾದು, ಅವ್ವನ ಮುಂದಿನಿಂದಲೂ ಹಾದು, ದಡದಡನೆ ಮೆಟ್ಟಿಲು ಹತ್ತಿ ಸಾಹೇಬರ ಮಗ್ಗುಲಿಗೆ ಬಂದು ನನ್ನ ಕೊರಳಿಗೆ ಜೋತುಬಿದ್ದಳು.

“ಹಂಗಾರ ಕೂಸು ನಿಮಗ ಬರ್ಕೋರಿ ಸಾಹೇಬ್ರ” ಎಂದಳು ದಾಕ್ಷಾಯಣಿ. “ಸ್ವಇಚ್ಛೆಯಿಂದ ಬಂದೈತಿ.”

ಕೋರ್ಟೆಲ್ಲ ಗೊಳ್ಳೆಂದಿತು. ಸಾಹೇಬರು ನಗಲಿಲ್ಲ. ಬಗ್ಗಿ ನೀಲಾಳ ಮುಖ ನೋಡಿದರು. ಇಷ್ಟು ಕಾಲದಲ್ಲಿ ಆ ಮಗುವಿನ ಮುಖವನ್ನು ಯಾರಾದರೂ ಬಗ್ಗಿ ನೋಡಿದ್ದು ಅದೇ ಮೊದಲು.

“ಏನು ಬೇಕವ್ವಾ ನಿನಗ?”

ನೀಲಾ ನನ್ನ ಮುರಿದ ಕಿವಿಯ ಜಾಗ ಸವರಿದಳು. “ಇದನ್ನ ಮನಿಗೆ ಒಯ್ಯೂಣೇನ್ರಿ? ದೊಡ್ಡವ್ವನ ಹಿತ್ತಲದಾಗ ಕಟ್ಟತೀನಿ. ಅವ್ವ ಇದರ ಕಿವಿ ಹಚ್ಚತಾಳ.”

ಮನೆ ಯಾವುದು ಎಂದು ಅವಳನ್ನು ಯಾರೂ ಕೇಳಬೇಕಾಗಲಿಲ್ಲ. ಸುಲೋಚನಾ ಮೇಡಂ ತಲೆ ತಗ್ಗಿಸಿದರು. ಸಾಹೇಬರು ಆ ವರದಿಯನ್ನು ಪಕ್ಕಕ್ಕಿಟ್ಟು, ಮಗಳು ತಾಯಿಯ ಹತ್ತಿರವೇ ಇರಲಿ, ತಂದೆ ಶನಿವಾರ ಇಲ್ಲಿಗೆ ಬಂದು ನೋಡಲಿ ಎಂದು ಆದೇಶ ಹೇಳಿದರು. ಬಸಲಿಂಗ ಮೊದಲೆರಡು ಶನಿವಾರ ಬಂದ. ಆಮೇಲೆ ಬರಲಿಲ್ಲ. ರಕ್ತದ ಕಾವು ಅಷ್ಟಕ್ಕೇ ಆರಿತ್ತು.

ಮತ್ತೆ ನಾನು? ಕುದುರೆಯನ್ನು ಮಗುವಿಗೆ ಕೊಡಬಹುದೇ ಎಂದು ಸಾಹೇಬರು ಕಚೇರಿಗೆ ಕೇಳಿದರು. ಕೋರ್ಟಿನ ಕಚೇರಿಯವರು, ಸಮಿತಿಯ ಸ್ವತ್ತು ಕೊಡಲು ನಮಗೆ ಅಧಿಕಾರವಿಲ್ಲ ಎಂದರು. ಸಮಿತಿಯವರು, ಪೀಠ ಹತ್ತಿದ ಮೇಲೆ ಅದು ಕೋರ್ಟಿನದೇ ಎಂದರು. ತೀರ್ಮಾನವಾಗುವ ತನಕ ಎಂದು ನನ್ನನ್ನು ಮೆಟ್ಟಿಲ ಕೆಳಗಿನ ಉಗ್ರಾಣಕ್ಕೆ ನೂಕಿದರು. ಆ ಸಾಹೇಬರು ವರ್ಗವಾಗಿ ಹೋದರು. ಮುರಿದ ಕುರ್ಚಿಗಳ ನಡುವೆ ನನ್ನ ಕೆಂಪು ಉದುರುತ್ತಿದೆ, ಗೆದ್ದಲು ಹಿಂಗಾಲು ಹಿಡಿದಿದೆ. ಗೆದ್ದಲಿಗೆ ವ್ಯಾಪ್ತಿಯ ಪ್ರಶ್ನೆಯೇ ಇಲ್ಲ.

ಮೊನ್ನೆ ಹುಸೇನಸಾಬ ಪೊರಕೆ ತೆಗೆಯಲು ಬಂದವನು ನನ್ನ ಬೆನ್ನ ಮೇಲಿನ ಧೂಳು ಒರೆಸಿ, “ಸಂತ್ಯಾಗ ಸಿಕ್ಕಿದ್ಲಲೇ ನಿನ್ನ ಮಗಳು. ಹಿತ್ತಲದಾಗ ನಿನ್ನ ಕಟ್ಟಾಕಂತ ಬಡದ ಗೂಟ ಇನ್ನೂ ಹಂಗ ಐತಂತ” ಎಂದ.

ನನ್ನ ಮಗಳು ಎಂದ. ಕೇಳಿದಿರಾ? ಯಾವ ಪರೀಕ್ಷೆಯೂ ಇಲ್ಲದೆ.